ಹಲ್ಲಿಗೆ ಹಾಕಿದ ಫರ್ಸಿ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ಕಟ್ಟಿದವರು ಯಾರೋ ಗೊತ್ತಿಲ್ಲ, ಆದರೆ ಅವರು ಫರ್ಸಿ ಹಾಕುವವರಂತೂ ಆಗಿರಲಿಲ್ಲ. ಇಪ್ಪತ್ತಾರು ವರ್ಷ ನೆಲಕ್ಕೆ ಕಲ್ಲು ಹಾಸಿದ ನಾನು ಹೇಳುತ್ತೇನೆ, ಎಷ್ಟೋ ಸಲ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ, ಪಾಪ ಕುಣಿಯುವವಳ ತಪ್ಪೇನೂ ಇರುವುದಿಲ್ಲ. ಭಾಲ್ಕಿಯಲ್ಲಿ, ಔರಾದಿನಲ್ಲಿ, ಬೀದರಿನ ಹೊಸ ಬಡಾವಣೆಗಳಲ್ಲಿ ನಾನು ಹಾಕಿದ ಶಹಾಬಾದಿ ಕಲ್ಲಿನ ಮೇಲೆ ಎಷ್ಟು ಕೂಸುಗಳು ಅಂಬೆಗಾಲಿಟ್ಟಿವೆಯೋ ಲೆಕ್ಕವಿಟ್ಟಿಲ್ಲ. ಮನೆಗೆ ಬಂದವರು ಗೋಡೆಯ ಬಣ್ಣ ಹೊಗಳುತ್ತಾರೆ, ಬಾಗಿಲ ಕೆತ್ತನೆ ಹೊಗಳುತ್ತಾರೆ. ನೆಲದ ನೆನಪು ಅವರಿಗೆ ಬರುವುದು ಜಾರಿ ಬಿದ್ದಾಗ ಮಾತ್ರ. ಅದಕ್ಕೇ ನನ್ನನ್ನು ನಾನೇ ಹೊಗಳಿಕೊಳ್ಳುವ ಚಟ ನನಗೆ ಅಂಟಿಕೊಂಡಿತು.

ಇಂಥ ಜಂಬದ ನಾನು ಹಾಕಿದ ಅತಿ ಚಿಕ್ಕ ನೆಲ ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ್ದು. ಅದರ ಮೇಲೆ ಓಡಾಡಬೇಕಾದದ್ದು ಒಂದು ಹಲ್ಲಿ. ಆ ನೆಲವನ್ನು ಎರಡು ಸಲ ಹಾಕಿದೆ. ಮೊದಲ ಸಲದ್ದು ನನ್ನ ಬದುಕಿನ ಅತಿ ಕೆಟ್ಟ ಕೆಲಸ, ಎರಡನೆಯದು ಅತಿ ಒಳ್ಳೆಯದು.

ಅದು ಮಳೆ ಕೈಕೊಟ್ಟ ಎರಡನೆಯ ವರ್ಷ. ಕುಡಿಯುವ ನೀರಿಗೇ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡುವಾಗ ಹೊಸ ಗೋಡೆಗೆ ನೀರು ಉಣಿಸುವವರು ಯಾರು? ಭಾಲ್ಕಿಯಲ್ಲಿ ಕಟ್ಟುವ ಕೆಲಸ ನಿಂತಿತು. ಮೆಹಕರ, ಸಾಯಗಾಂವ ಕಡೆಯಿಂದ ಜನ ಹಾಸಿಗೆ ಸುತ್ತಿಕೊಂಡು ಬಸ್ಸು ಹತ್ತತೊಡಗಿದರು. ದೀಪಾವಳಿ ಮುಗಿದ ವಾರಕ್ಕೆ ನಾನೂ ನನ್ನ ಹೆಂಡತಿಯೂ ಹೈದರಾಬಾದಿಗೆ ಹೊರಟೆವು. ಆರನೆಯ ತರಗತಿಯಲ್ಲಿದ್ದ ಮಗಳನ್ನು ಸಂತಪುರದಲ್ಲಿ ನಮ್ಮ ಅತ್ತೆಯ ಮನೆಯಲ್ಲಿ ಬಿಟ್ಟೆವು. ಸಾಲೆ ತಪ್ಪಿಸಬಾರದು ಎಂದು ತೀರ್ಮಾನ ಮಾಡಿದವನು ನಾನೇ.

ಬಸ್ಸು ಹೊರಡುವಾಗ ಮಗಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ತಾಯಿಗೆ ಕೈ ಬೀಸಿದಳು, ನನ್ನ ಕಡೆ ನೋಡಲಿಲ್ಲ. ಆಮೇಲೆ ಫೋನಿನಲ್ಲೂ ಅದೇ. ತಾಯಿಯೊಂದಿಗೆ ಅರ್ಧ ತಾಸು ಮಾತು, ನನ್ನ ಕೈಗೆ ಫೋನು ಬಂದರೆ ಬರೀ ‘ಹ್ಞೂಂ’, ‘ಉಹ್ಞೂಂ’. ಮೂರು ತಿಂಗಳು ಆ ಎರಡು ಸದ್ದುಗಳನ್ನೇ ಕೇಳಿದೆ. ನನಗೆ ಸಿಟ್ಟು ಬರುತ್ತಿತ್ತು.

ಹೈದರಾಬಾದಿನಲ್ಲಿ ಒಬ್ಬ ನಿವೃತ್ತ ಶಿಕ್ಷಕಿಯ ಮನೆಗೆ ನೆಲ ಹಾಕುತ್ತಿದ್ದೆ. ಅವರ ಪಡಸಾಲೆಯಲ್ಲಿ ಒಂದು ಗಾಜಿನ ಪೆಟ್ಟಿಗೆ, ಅದರೊಳಗೆ ಚಿರತೆಯ ಚುಕ್ಕೆಗಳಿದ್ದ ಹಳದಿ ಹಲ್ಲಿ. ಲೆಪರ್ಡ್ ಗೆಕ್ಕೊ ಎಂದರು. ನಮ್ಮ ಗೋಡೆ ಹಲ್ಲಿಯ ಹಾಗೆ ಅದು ಗೋಡೆ ಹತ್ತುವುದಿಲ್ಲ, ನೆಲದ ಮೇಲೇ ನಡೆಯುತ್ತದೆ. ಗೋಡೆ ಹಲ್ಲಿಗೆ ಇಲ್ಲದ ರೆಪ್ಪೆಗಳು ಅದಕ್ಕಿವೆ, ಕಣ್ಣು ಮಿಟುಕಿಸುತ್ತದೆ. ಬಾಲ ಮೂಲಂಗಿಯಷ್ಟು ದಪ್ಪ. ಕಾಡಿನಿಂದ ಹಿಡಿದು ತಂದದ್ದಲ್ಲ, ಸಾಕುವವರ ಮನೆಯಲ್ಲೇ ಮೊಟ್ಟೆಯೊಡೆದದ್ದು, ಅದಕ್ಕೆ ಕಾಗದಪತ್ರವೂ ಇತ್ತು. ಅದರ ಫೋಟೋ ತೆಗೆದು ಮಗಳಿಗೆ ಕಳಿಸಿದೆ. ಸಂಜೆ ಅವಳೇ ಫೋನು ಮಾಡಿದಳು, ನನಗೇ ಮಾಡಿದಳು.

“ಅಪ್ಪಾ, ಅದು ಏನ್ ತಿಂತದ? ಮಲಗುವಾಗ ಕಣ್ಣು ಮುಚ್ಚತದೇನು? ಅದಕ್ಕ ಥಂಡಿ ಆಗ್ತದೇನು?”

ಮೂರು ತಿಂಗಳಿಗೆ ಮೂರು ಪ್ರಶ್ನೆ. ನನಗೆ ಮೈಯೆಲ್ಲ ಹಗುರಾಯಿತು. ಶಿಕ್ಷಕಿಯವರು ಊರು ಬಿಟ್ಟು ತಂಗಿಯ ಮನೆಗೆ ಹೋಗುವವರಿದ್ದರು, ಹಲ್ಲಿಯನ್ನು ಯಾರಿಗೆ ಕೊಡಲಿ ಎಂದು ಹುಡುಕುತ್ತಿದ್ದರು. ನಾಚಿಕೆ ಬಿಟ್ಟು ನನ್ನ ಮಗಳಿಗೆ ಕೊಡಿ ಎಂದು ಕೇಳಿದೆ. ಅವರು ಹತ್ತಾರು ಪ್ರಶ್ನೆ ಕೇಳಿ, ಕೊನೆಗೆ ಕಾಗದಪತ್ರದ ಜೊತೆ ಕೊಟ್ಟರು. ಕೆಳಗಿನಿಂದ ಶಾಖ ಕೊಡುವ ಚಾಪೆ, ಶಾಖ ಮಿತಿಮೀರದಂತೆ ತಡೆಯುವ ಯಂತ್ರ, ಉಷ್ಣಮಾಪಕ, ಸುಣ್ಣದಂಥ ಕ್ಯಾಲ್ಸಿಯಂ ಪುಡಿ, ಅದರ ಊಟಕ್ಕೆ ತೌಡಿನ ಡಬ್ಬಿಯಲ್ಲಿ ಬೆಳೆಯುವ ಹುಳುಗಳು, ಎಲ್ಲ ಕೊಟ್ಟರು. ಪೆಟ್ಟಿಗೆ ಮಾತ್ರ ಬಸ್ಸಿನಲ್ಲಿ ಒಯ್ಯಲಾಗದಷ್ಟು ದೊಡ್ಡದಿತ್ತು. ನೆಲಕ್ಕೆ ಏನು ಹಾಸಬೇಕು ಎಂದು ಕೇಳಿದೆ. ಅಡುಗೆಮನೆಯಲ್ಲಿ ಬಳಸುವ ಟಿಶ್ಯೂ ಕಾಗದ ಸಾಕು, ಹುಳುಗಳನ್ನು ತಟ್ಟೆಯಲ್ಲಿಡು ಎಂದರು.

ಕಾಗದ! ಫರ್ಸಿ ಹಾಕುವವನ ಮನೆಗೆ ಬರುವ ಪ್ರಾಣಿ ಕಾಗದದ ಮೇಲೆ ನಡೆಯಬೇಕೆ? ಬಾಯಲ್ಲಿ ಹೌದರಿ ಎಂದೆ, ಮನಸ್ಸಿನಲ್ಲಿ ನಕ್ಕೆ. ಆ ನಗುವಿಗೆ ಆಮೇಲೆ ನಾನು ಬಡ್ಡಿ ಸಮೇತ ಅತ್ತೆನೆಂದು ಈಗಲೇ ಹೇಳಿಬಿಡುತ್ತೇನೆ.

ಹೆಂಡತಿಯನ್ನು ಕೆಲಸದಲ್ಲಿ ಬಿಟ್ಟು ಇಪ್ಪತ್ತು ದಿನದ ಮಟ್ಟಿಗೆ ನಾನೊಬ್ಬನೇ ಹಲ್ಲಿಯೊಂದಿಗೆ ಸಂತಪುರಕ್ಕೆ ಬಂದೆ. ಭಾಲ್ಕಿಯಲ್ಲಿ ಬಾಗಿಲು ಹಾಕಿದ್ದ ಒಂದು ಬಳೆ ಅಂಗಡಿಯ ಹಳೆಯ ಗಾಜಿನ ಶೋಕೇಸು ಸಿಕ್ಕಿತು. ಅದಕ್ಕೆ ಬೆಕ್ಕು ಎತ್ತಲಾಗದ ಹಾಗೆ ತಂತಿಜಾಲಿಯ ಮುಚ್ಚಳ ಮಾಡಿ, ಕೊಂಡಿ ಹಾಕಿದೆ. ಗಾಳಿಯಾಡಲು ಪಕ್ಕದಲ್ಲೂ ಜಾಲಿ ಇಟ್ಟೆ. ಇಲ್ಲಿಯವರೆಗೆ ನನ್ನ ಕೆಲಸದಲ್ಲಿ ಯಾರೂ ಬೆರಳಿಡುವಂತಿರಲಿಲ್ಲ.

ಆಮೇಲೆ ನೆಲ. ಇದು ಮರುಭೂಮಿಯ ಕಡೆಯ ಪ್ರಾಣಿ, ಮರಳೇ ಸರಿ ಎಂದು ನಾನೇ ನಿರ್ಧರಿಸಿದೆ. ಆ ವರ್ಷ ಮಾಂಜ್ರಾ ನದಿ ಒಣಗಿ ಮರಳಿನ ದಾರಿಯಾಗಿತ್ತು. ಒಂದು ಚೀಲ ತಂದು ಸಣ್ಣ ಜರಡಿ ಹಿಡಿದೆ. ಮೂರು ಬೆರಳು ದಪ್ಪ ಮರಳು ಹಾಸಿದೆ. ಅದರ ಮೇಲೆ ಎರಡು ಕಲ್ಲಿನ ತುಂಡು ನಿಲ್ಲಿಸಿ, ಮೇಲೊಂದು ಫರ್ಸಿ ಹೊದಿಸಿ, ಅಡಗಿಕೊಳ್ಳಲು ಗುಹೆ ಮಾಡಿದೆ. ನಮ್ಮ ಕಸುಬಿನಲ್ಲಿ ಕಲ್ಲು ಯಾವಾಗಲೂ ಮರಳಿನ ಮೇಲೇ ಕೂರಬೇಕು. ಮರಳು ಹಾಸು, ಕಲ್ಲು ಇಡು, ಸುತ್ತಿಗೆಯ ಹಿಡಿಯಿಂದ ತಟ್ಟು, ಮಟ್ಟ ನೋಡು. ಇಪ್ಪತ್ತಾರು ವರ್ಷ ಕೈ ಮಾಡಿದ್ದು ಅದನ್ನೇ, ಆ ದಿನವೂ ಅದನ್ನೇ ಮಾಡಿತು. ರಸಮಟ್ಟ ಇಟ್ಟು ನೋಡಿದೆ, ಅದರೊಳಗಿನ ಗುಳ್ಳೆ ನಟ್ಟನಡುವೆ ನಿಂತಿತು.

“ಅಳಿಯಂದಿರ, ಹಲ್ಲಿಗಿ ಇಷ್ಟು ಛಂದ ಮನಿ ಕಟ್ಟಿರಿ. ನನ್ನ ಬಚ್ಚಲಮನಿ ಫರ್ಸಿ ಐದು ವರ್ಷ ಆಯ್ತು ಅಳ್ಳಾಡ್ಲಿಕತ್ತದ,” ಎಂದರು ಅತ್ತೆ. ಹಲ್ಲಿ ಎಂದರೆ ಅಪಶಕುನ ಎಂದು ಮೊದಲ ದಿನ ಅವರು ಒಳಗೆ ಬಿಟ್ಟಿರಲಿಲ್ಲ. ಅದು ಅವರನ್ನು ನೋಡಿ ನಿಧಾನವಾಗಿ ಕಣ್ಣು ಮಿಟುಕಿಸಿದ ಮೇಲೆ, “ರೆಪ್ಪಿ ಅದಾವ ಅಂದ್ರ ನಮ್ಮಂಗೇ ಜೀವ,” ಎಂದು ಒಳಮನೆಯಲ್ಲಿ ಜಾಗ ಕೊಟ್ಟರು. ಮಗಳು ಸಾಲೆಯಿಂದ ಬಂದವಳೇ ಚೀಲ ಒಗೆದು ಗಾಜಿಗೆ ಮೂಗು ಹಚ್ಚಿ ಕೂರುತ್ತಿದ್ದಳು. ಪಕ್ಕದಲ್ಲಿ ನಾನು ಕೂತರೆ ಸರಿಯುತ್ತಿರಲಿಲ್ಲ. ನನಗೆ ಅಷ್ಟು ಸಾಕಿತ್ತು.

ಹುಳುಗಳನ್ನು ತಟ್ಟೆಯಲ್ಲಿ ಇಡಲಿಲ್ಲ. ಮರುಭೂಮಿಯಲ್ಲಿ ತಟ್ಟೆ ಯಾರು ಇಡುತ್ತಾರೆ ಎಂದು ಮರಳಿನ ಮೇಲೇ ಬಿಟ್ಟೆ. ಹಲ್ಲಿ ಹಾರಿ ಕಚ್ಚುವಾಗ ಬಾಯ್ತುಂಬ ಮರಳೂ ಹೋಗುತ್ತಿತ್ತು. ನಮಗೆ ಅದು ಆಟದ ಹಾಗೆ ಕಂಡಿತು. ಹತ್ತನೆಯ ದಿನದ ಹೊತ್ತಿಗೆ ತಿನ್ನುವುದು ಬಿಟ್ಟಿತು. ಊರು ಬದಲಾಗಿದೆ, ಹೊಂದಿಕೊಳ್ಳುತ್ತದೆ ಎಂದೆ. ಗೊತ್ತಿಲ್ಲದ್ದನ್ನು ಗೊತ್ತಿದ್ದವನ ಹಾಗೆ ಹೇಳುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.

ಹನ್ನೆರಡನೆಯ ಬೆಳಿಗ್ಗೆ ಮಗಳು ಚೀರಿದಳು. ಓಡಿಬಂದು ನೋಡಿದರೆ ಗುಹೆ ಕುಸಿದಿದೆ. ನಾನು ನಿಲ್ಲಿಸಿದ್ದ ಕಲ್ಲಿನ ಬುಡದಲ್ಲಿ ಹಲ್ಲಿ ಮರಳು ಕೆದರಿದೆ, ಕಲ್ಲು ಜಾರಿದೆ, ಮೇಲಿನ ಫರ್ಸಿ ಅದರ ಬಾಲ ಮತ್ತು ಹಿಂಗಾಲಿನ ಮೇಲೆ ಕೂತಿದೆ. ಕೈ ಹಾಕಿ ಕಲ್ಲು ಎತ್ತಿದೆ. ಹಲ್ಲಿ ಒಂದು ಕಡೆ ಸರಿಯಿತು, ಬಾಲ ಇನ್ನೊಂದು ಕಡೆ ಬಿದ್ದು ಒಂದೇ ಸಮನೆ ಒದ್ದಾಡಿತು. ಮಗಳು ತಲೆಯೆತ್ತಿ ನೆಟ್ಟಗೆ ನನ್ನನ್ನೇ ನೋಡಿದಳು.

“ನೀ ಹಾಕಿದ ಫರ್ಸಿನೇ ಇದು,” ಎಂದಳು.

ಜೋರಾಗಿ ಹೇಳಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಂದೆತಾಯಿ ಬಿಟ್ಟುಹೋದ ವರ್ಷದಲ್ಲಿ ಅವಳಿಗೆ ನಾನು ತಂದುಕೊಟ್ಟಿದ್ದು ಈ ಒಂದೇ ಜೀವ. ಅದೂ ನನ್ನ ಕೈಯಿಂದಲೇ ಸತ್ತರೆ ಈ ಹುಡುಗಿ ಮತ್ತೆ ನನ್ನ ಜೊತೆ ಮಾತಾಡುವುದಿಲ್ಲ, ಮಾತಾಡಬಾರದು ಕೂಡ ಅನಿಸಿತು.

ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ, ಹಲ್ಲಿಯನ್ನು ಇಟ್ಟು, ಸಿಕ್ಕ ಮೊದಲ ಬಸ್ಸಿಗೆ ಬೀದರಿಗೆ ಹೋದೆವು. ಪಶುವೈದ್ಯ ಕಾಲೇಜಿನ ದವಾಖಾನೆಯಲ್ಲಿ ನಮ್ಮ ಮುಂದೆ ಎರಡು ಎಮ್ಮೆ, ಒಂದು ಕುಂಟ ಆಡು. ಡಾಕ್ಟರಮ್ಮ ಡಬ್ಬಿ ನೋಡಿ ನಗಲಿಲ್ಲ, ಅದಕ್ಕೆ ಇವತ್ತಿಗೂ ಅವರಿಗೆ ಕೈ ಮುಗಿಯುತ್ತೇನೆ. ಎಕ್ಸ್‌ರೇ ತೆಗೆದರು. ಕಾಲು ಮುರಿದಿರಲಿಲ್ಲ. ಹೊಟ್ಟೆಯ ಜಾಗದಲ್ಲಿ ಮಾತ್ರ ಬೆಳ್ಳಗೆ ಒತ್ತಾಗಿ ಚುಕ್ಕೆಗಳು.

“ಹೊಟ್ಟಿ ತುಂಬ ಉಸುಕು ಅದರಿ. ಕರಳು ಕಟ್ಟೇದ. ಬಾಲದಾಗ ಇದು ತನ್ನ ಬುತ್ತಿ ಇಟ್ಕೊಂಡಿರ್ತದ, ಆ ಬುತ್ತಿನೂ ಹೋಯ್ತು. ಉಸುಕು ಹೊರಗ ಬಂದು ತಿನ್ನಲಿಕ್ಕ ಚಾಲೂ ಮಾಡಿದ್ರ ಉಳೀತದ. ಇಲ್ಲಾಂದ್ರ ಕಷ್ಟರಿ,” ಎಂದರು. ಔಷಧ ಕೊಟ್ಟರು. ದಿನಾ ಉಗುರುಬೆಚ್ಚಗಿನ ನೀರಿನಲ್ಲಿ ಗದ್ದ ಮುಳುಗದಷ್ಟು ಆಳದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಬೇಕು. ಮರಳು ಪೂರ್ತಿ ತೆಗೆಯಬೇಕು. ಸದ್ಯ ನೆಲಕ್ಕೆ ಏನು ಹಾಸಲಿ ಎಂದು ಕೇಳಿದೆ.

“ಕಾಗದ,” ಎಂದರು.

ಹೆಂಡತಿಗೆ ಫೋನು ಮಾಡಿ ಎಲ್ಲ ಹೇಳಿದೆ. ಇಪ್ಪತ್ತು ದಿನ ಮುಗಿಯುತ್ತ ಬಂದಿತ್ತು, ಹೋಗದಿದ್ದರೆ ಗುತ್ತಿಗೆದಾರ ಬೇರೆಯವರನ್ನು ಇಟ್ಟುಕೊಳ್ಳುತ್ತಿದ್ದ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. “ಅಲ್ಲೇ ಇರ್ರಿ. ಇಲ್ಲಿ ಫರ್ಸಿ ಹಾಕಾವರು ಬೇಕಾದಷ್ಟು ಮಂದಿ ಸಿಗ್ತಾರ. ನಮ್ಮ ಕೂಸಿಗಿ ಅಪ್ಪ ನೀವೊಬ್ಬರೇ,” ಎಂದಳು. ನಾನು ಸಂತಪುರದಲ್ಲೇ ಉಳಿದೆ.

ದಿನಾ ಬೆಳಿಗ್ಗೆ ಟ್ಯಾಂಕರಿನ ನೀರಿನಲ್ಲಿ ಒಂದು ಲೋಟ ಹಲ್ಲಿಯ ಪಾಲಿಗೆ ತೆಗೆದಿಡುತ್ತಿದ್ದೆವು. ಅದರ ಸ್ನಾನವಾದ ನೀರು ಅತ್ತೆಯ ಕರಿಬೇವಿನ ಬುಡಕ್ಕೆ. ಮಗಳು ಕಾಗದದ ಹಾಳೆ ಬದಲಾಯಿಸಿ, ಏನಾದರೂ ಬಿದ್ದಿದೆಯೇ ಎಂದು ನೋಡುತ್ತಿದ್ದಳು. ನಾಲ್ಕು ದಿನ ಏನೂ ಇಲ್ಲ. ಕೆಲಸದ ಮಾತು ಬಿಟ್ಟು ಬೇರೆ ಮಾತು ನಮ್ಮ ನಡುವೆ ಇರಲಿಲ್ಲ. “ನೀರು ಭಾಳ ಬಿಸಿ ಅದ,” “ಈಗ ಬರೋಬ್ಬರಿ,” ಇಷ್ಟೇ.

ಐದನೆಯ ಬೆಳಿಗ್ಗೆ ಹಿಕ್ಕೆ ಬಿತ್ತು. ಮಗಳು ಅದನ್ನು ಕಡ್ಡಿಯಿಂದ ಬಿಡಿಸಿ ನೋಡಿ ಕಿರುಚಿದಳು, “ಅಪ್ಪಾ, ಉಸುಕು ಅದ! ಭಾಳ ಅದ!” ನಾವಿಬ್ಬರೂ ಆ ಹಿಕ್ಕೆಯ ಮೇಲೆ ತಲೆಗೆ ತಲೆ ತಾಗಿಸಿ ಬಗ್ಗಿದೆವು. ಚಿನ್ನದ ಅಂಗಡಿಯಲ್ಲೂ ನಾನು ಅಷ್ಟು ಆಸೆಯಿಂದ ಬಗ್ಗಿ ನೋಡಿದವನಲ್ಲ. ಅತ್ತೆ ನೆರೆಮನೆಗಳಿಗೆ ಸಕ್ಕರೆ ಹಂಚಿದರು. ಯಾತಕ್ಕೆ ಎಂದು ಕೇಳಿದವರಿಗೆ ಏನು ಹೇಳಿದರೋ ನಾನು ಕೇಳಲು ಹೋಗಲಿಲ್ಲ.

ಇನ್ನು ತಿನ್ನುವುದೊಂದು ಬಾಕಿ. ಕಾಗದದ ಮೇಲೆ ಅದು ಮೂಲೆ ಹಿಡಿದು ಕೂತಿರುತ್ತಿತ್ತು. ಕಾಗದದಲ್ಲಿ ತಪ್ಪೇನಿಲ್ಲ, ಅದೇ ಅದನ್ನು ಉಳಿಸಿತು, ನಾನು ಒಪ್ಪುತ್ತೇನೆ. ಆದರೂ ಇದಕ್ಕೆ ನಿಜವಾದ ನೆಲ ಹಾಕಿಯೇ ತೀರುತ್ತೇನೆ ಎಂಬ ಹಟ ಬಂತು. ಈ ಸಲ ನನ್ನ ಕೈಯ ಮಾತು ಕೇಳಲಿಲ್ಲ. ಅಂಗಿ ತೆಗೆದು ಅತ್ತೆಯ ಪಡಸಾಲೆಯಲ್ಲಿ ಹೊಟ್ಟೆ ಅಡಿ ಮಾಡಿ ಮಲಗಿದೆ. ಇಷ್ಟು ವರ್ಷ ನೆಲವನ್ನು ಮೇಲಿನಿಂದ ನೋಡಿದ್ದೆ, ಅವತ್ತು ಹೊಟ್ಟೆಯಿಂದ ನೋಡಿದೆ. ಅತ್ತೆ ಹೊಸಿಲಲ್ಲಿ ನಿಂತು, “ತಲಿ ಸುದ್ದ ಅದ ಇಲ್ಲೋ?” ಎಂದು ಮೊಮ್ಮಗಳನ್ನು ಕೇಳಿದರು. ಮಗಳು ಫಕ್ಕನೆ ನಕ್ಕಳು. ನಾನು ಬೇಕೆಂದೇ ಇನ್ನೂ ಸ್ವಲ್ಪ ಹೊತ್ತು ಮಲಗಿದ್ದೆ.

ಮೊದಲು ಪಾಲಿಶ್ ಹೊಡೆದ ಫರ್ಸಿ ಇಟ್ಟು ನೋಡಿದೆವು. ಹಲ್ಲಿಯ ಕಾಲು ಜಾರಿ ಅಗಲವಾದವು, ಮಗಳು ಬೇಡ ಎಂದಳು. ನಾಲ್ಕು ತುಂಡು ಜೋಡಿಸಿದೆ, ಸಂದಿಯಲ್ಲಿ ಹುಳು ನುಗ್ಗಿ ಅಡಗಿತು. ಅಡಗಿದ ಹುಳು ಹಲ್ಲಿ ಮಲಗಿದಾಗ ಅದನ್ನೇ ಕಚ್ಚಬಹುದು. ಸಂದಿಗೆ ಸಿಮೆಂಟು ತುಂಬೋಣವೆಂದರೆ ವಾರಗಟ್ಟಲೆ ನೀರು ಉಣಿಸಬೇಕು, ಆ ವರ್ಷ ಅಷ್ಟು ನೀರು ಎಲ್ಲಿಂದ ತರಲಿ? ಕೊನೆಗೆ ಭಾಲ್ಕಿಗೆ ಹೋಗಿ ಕಲ್ಲಿನಂಗಡಿಯ ಗುಡ್ಡೆಯೆಲ್ಲ ಕೆದಕಿ, ಕೈಬೆರಳಿಗಿಂತ ತೆಳುವಾದ ಒಂದೇ ಚಪ್ಪಡಿ ಆರಿಸಿದೆ. ಪೆಟ್ಟಿಗೆಯ ಅಳತೆಗೆ ಸರಿಯಾಗಿ ಕೊಯ್ದು, ಅಂಚು ಉಜ್ಜಿ ದುಂಡಗೆ ಮಾಡಿದೆ. ಪಾಲಿಶ್ ಹೊಡೆಯದೆ, ಗಣಿಯಲ್ಲಿ ಬಿರಿದಾಗ ಇದ್ದ ದೊರಗು ಮೈಯನ್ನೇ ಮೇಲೆ ಮಾಡಿದೆ. ಉಗುರಿಗೆ ಹಿಡಿತ ಸಿಗಬೇಕು, ಹೊಟ್ಟೆ ಕೆರೆಯಬಾರದು. ನನ್ನ ಕೆನ್ನೆಗೆ ಉಜ್ಜಿ ನೋಡಿದೆ, ಮಗಳೂ ತನ್ನ ಕೆನ್ನೆಗೆ ಉಜ್ಜಿ ನೋಡಿ ಪಾಸು ಮಾಡಿದಳು.

ಕಲ್ಲಿನ ಕೆಳಗೆ ಒಂದು ಹರಳು ಮರಳೂ ಇಲ್ಲ. ಶಾಖದ ಚಾಪೆ ಗಾಜಿನ ಹೊರಗೆ, ಅಡಿಯಲ್ಲಿ, ಮೂರರಲ್ಲಿ ಒಂದು ಪಾಲಿಗೆ ಮಾತ್ರ. ಶಾಖ ಅಳೆಯುವ ತಂತಿಯ ತುದಿ ಕಲ್ಲಿನ ಮೇಲೆ. ಬೆಚ್ಚಗಿನ ಕಡೆ ಮೂವತ್ತೆರಡು ಡಿಗ್ರಿ ತೋರಿಸುವವರೆಗೆ ಎರಡು ದಿನ ಹಲ್ಲಿಯನ್ನು ಒಳಗೆ ಬಿಡಲಿಲ್ಲ. ಇನ್ನೊಂದು ಕಡೆ ತಂಪಾಗಿಯೇ ಇರಬೇಕು, ಬೇಕಾದಾಗ ಅದೇ ಎದ್ದು ಹೋಗಬೇಕು. ಎರಡೂ ಕಡೆ ಒಂದೊಂದು ಗುಹೆ. ಗುಹೆಯ ಕಾಲುಗಳನ್ನು ನೆಲದ ಚಪ್ಪಡಿಯ ಮೇಲೇ ನೇರವಾಗಿ ನಿಲ್ಲಿಸಿ, ಅಕ್ವೇರಿಯಮ್ಮಿಗೆ ಹಚ್ಚುವ ಗೋಂದಿನಿಂದ ಅಂಟಿಸಿ, ವಾರ ಒಣಗಿಸಿದೆ. ಮಗಳು ಪೊರಕೆಯ ಹಿಡಿಯಿಂದ ನೂಕಿದಳು, ಪೆಟ್ಟಿಗೆ ಅಲುಗಿಸಿದಳು, ಕೊನೆಗೆ ತನ್ನ ಗಣಿತದ ಪುಸ್ತಕ, ಸಮಾಜದ ಪುಸ್ತಕ ಎಲ್ಲ ಹೇರಿದಳು. ಗುಹೆ ಅಲ್ಲಾಡಲಿಲ್ಲ. ನಡುವೆ ಬಾಯಿ ಒಡೆದ ಒಂದು ಕುಡಿಕೆ, ಅದರೊಳಗೆ ಒದ್ದೆ ಬಟ್ಟೆ. ಪೊರೆ ಬಿಡುವಾಗ ಬೆರಳಿಗೆ ಚರ್ಮ ಅಂಟಿಕೊಳ್ಳದಿರಲು ಅಷ್ಟು ತೇವ ಬೇಕು. ದಿನಕ್ಕೆ ಎರಡು ಚಮಚೆ ನೀರು ಸಾಕಾಗುತ್ತಿತ್ತು, ಬರಗಾಲವೂ ಅಷ್ಟಕ್ಕೆ ಅಡ್ಡ ಬರಲಿಲ್ಲ. ಹುಳುಗಳಿಗೆ ತಟ್ಟೆ ಇಟ್ಟೆ.

ಒಳಗೆ ಬಿಟ್ಟ ಸಂಜೆ ಹಲ್ಲಿ ಒಂದು ಹೆಜ್ಜೆ ಇಟ್ಟು ನಿಂತಿತು. ಇನ್ನೊಂದು ಹೆಜ್ಜೆ. ಉಗುರು ಹಿಡಿದವು. ಈ ತುದಿಯಿಂದ ಆ ತುದಿಗೆ ನಡೆದು, ಬೆಚ್ಚಗಿನ ಕಡೆ ಹೊಟ್ಟೆ ಚೆಲ್ಲಿ ಮಲಗಿತು. ಮೂರನೆಯ ಸಂಜೆ ತಟ್ಟೆಯ ಹತ್ತಿರ ಹೋಗಿ, ಮೋಟು ಬಾಲ ಅಲುಗಿಸಿ, ಒಂದು ಹುಳು ಹಿಡಿಯಿತು. ಆಮೇಲೆ ಇನ್ನೊಂದು. ಮಗಳು ನನ್ನ ತೋಳು ಹಿಡಿದು ಕುಣಿದಳು. ನೆಲ ಡೊಂಕಿರಲಿಲ್ಲ.

ಎರಡು ತಿಂಗಳಿಗೆ ಗಜ್ಜರಿಯ ಬುಡದ ಹಾಗೆ ಹೊಸ ಬಾಲ ದುಂಡಗೆ ತುಂಬಿಕೊಂಡಿತು. ಡಾಕ್ಟರಮ್ಮ ಫೋನಿನಲ್ಲಿ ಕೇಳಿ ಖುಷಿಪಟ್ಟು, ಹಲ್ಲಿಯನ್ನು ಅದರ ಮನೆ ಸಮೇತ ತರಲು ಹೇಳಿದರು. ಬಳೆ ಅಂಗಡಿಯ ಶೋಕೇಸನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬೀದರಿಗೆ ಹೋದೆ. ಚಪ್ಪಡಿಯನ್ನು ಗುಹೆ ಸಮೇತ ಕೌದಿಯಲ್ಲಿ ಸುತ್ತಿ ಕಾಲ ನಡುವೆ ಇಟ್ಟಿದ್ದೆ. ಮಗಳ ಮಡಿಲಲ್ಲಿ ಹಲ್ಲಿಯ ಡಬ್ಬಿ.

ದವಾಖಾನೆಯಲ್ಲಿ ಚಪ್ಪಡಿಯನ್ನು ಮತ್ತೆ ಪೆಟ್ಟಿಗೆಯೊಳಗೆ ಇಟ್ಟೆ. ಹಲ್ಲಿಯನ್ನು ತೂಗಿ, ಹೊಟ್ಟೆ ಒತ್ತಿ ನೋಡಿ, ಡಾಕ್ಟರಮ್ಮ ಒಳಗಿನಿಂದ ತಮ್ಮ ವಿದ್ಯಾರ್ಥಿಗಳನ್ನು ಕರೆದರು. ಬಿಳಿ ಕೋಟಿನ ಹತ್ತು ಹನ್ನೆರಡು ಹುಡುಗ ಹುಡುಗಿಯರು ಪೆಟ್ಟಿಗೆಯ ಸುತ್ತ ನಿಂತರು. “ಇವರೇ ಮಾಡ್ಯಾರ. ಹ್ಯಾಂಗ ಮಾಡೀರಿ ಹೇಳ್ರಿ ಇವರಿಗೆ,” ಎಂದರು ನನಗೆ.

ಹತ್ತನೆಯ ತರಗತಿ ಎರಡು ಸಲ ಬರೆದವನು ನಾನು. ಆದರೆ ನೆಲದ ಮಾತು ಬಂದರೆ ಯಾರಿಗೂ ಹೆದರುವವನಲ್ಲ. ಒಂದೇ ಚಪ್ಪಡಿ ಯಾಕೆ, ದೊರಗು ಮೈ ಯಾಕೆ, ಕಲ್ಲು ತೆಳುವಿರಬೇಕು ಯಾಕೆ, ಗುಹೆಯ ಕಾಲು ಗಟ್ಟಿ ನೆಲ ಮುಟ್ಟಬೇಕು ಯಾಕೆ, ಎಲ್ಲ ಹೇಳಿದೆ. ಅವರು ಬರೆದುಕೊಂಡರು. ನನ್ನ ಬಾಯಿಂದ ಬಿದ್ದ ಮಾತನ್ನು ಡಾಕ್ಟರಾಗುವವರು ಬರೆದುಕೊಳ್ಳುತ್ತಿದ್ದಾರೆ! ನನ್ನ ಎದೆ ಅಷ್ಟಗಲ ಆಯಿತು. ಮೊದಲ ಸಲದ ಮರಳಿನ ಸುದ್ದಿ ಮಾತ್ರ ಎತ್ತಲಿಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

“ಅಪ್ಪಾ,” ಎಂದಳು ಮಗಳು, ಎಲ್ಲರಿಗೂ ಕೇಳುವ ಹಾಗೆ, “ಮೊದಲು ಮಾಡಿದ್ದು ಹೇಳೇ ಇಲ್ಲ ನೀ.”

ಕಿವಿ ಬಿಸಿಯಾದವು. ಸುಮ್ಮನಿರು ಎಂದು ಗದರಬಹುದಿತ್ತು. ಅವಳ ಮುಖ ನೋಡಿದೆ, ಅದರಲ್ಲಿ ಹಂಗಿಸುವ ಭಾವ ಇರಲಿಲ್ಲ. ಹೇಳಿದೆ. ಮಾಂಜ್ರಾದ ಮರಳು ತಂದದ್ದು, ಮೂರು ಬೆರಳು ಹಾಸಿದ್ದು, ಸುತ್ತಿಗೆಯ ಹಿಡಿಯಿಂದ ತಟ್ಟಿದ್ದು, ಹುಳುಗಳನ್ನು ಮರಳಿಗೆ ಎಸೆದದ್ದು.

“ನನ್ನ ಕಲ್ಲೇ ಅದರ ಮ್ಯಾಲ ಕುಂತಿತ್ರಿ. ನಾನೇ ಕೂಡಿಸಿದ್ದು,” ಎಂದೆ.

ಪೆನ್ನುಗಳು ನಿಂತವು. ಮುಂದಿದ್ದ ಕನ್ನಡಕದ ಹುಡುಗಿ ಮೆತ್ತಗೆ, “ಮುಂದ ಏನಾತ್ರಿ?” ಎಂದಳು.

“ಮುಂದ ಏನ್ರಿ,” ಎಂದಳು ಮಗಳು. “ನಮ್ಮಪ್ಪನೇ ಕಲ್ಲು ಎತ್ತಿದ. ಹೈದರಾಬಾದಿಗಿ ಹೋಗ್ಲಿಲ್ಲ. ನನ್ನ ಕೂಡ ಇಲ್ಲೇ ಕುಂತು ಮತ್ತ ಹಾಕಿದ.”

ಕನ್ನಡಕದ ಹುಡುಗಿ ತಲೆ ಬಗ್ಗಿಸಿ ಅದನ್ನೂ ಬರೆದುಕೊಂಡಳು. ನಾನು ಮುಚ್ಚಳದ ಕೊಂಡಿ ಸರಿಮಾಡುವ ನೆಪದಲ್ಲಿ ಪೆಟ್ಟಿಗೆಯ ಹಿಂದೆ ಬಗ್ಗಿ, ಅಷ್ಟು ಜನರ ನಡುವೆ, ಸುಖವಾಗಿ ಅತ್ತುಬಿಟ್ಟೆ.